ವಿ.ಕೆ. ಮೂರ್ತಿಯವರ ಕತ್ತಲೆಗೆ ತಕ್ಕ ಪ್ರೊಜೆಕ್ಟರ್

ಮನೆಗೆ ಪ್ರೊಜೆಕ್ಟರ್ ಕೊಳ್ಳಬೇಕೆಂದಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ ಎಷ್ಟು ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದು ಅಚ್ಚು ಹಾಕಿದ್ದಾರೆ ಎಂಬುದನ್ನು ನೋಡಿ ದುಡ್ಡು ಎಣಿಸಬೇಡಿ. ಅಂಗಡಿಯ ದೀಪ ಆರಿಸಲು ಹೇಳಿ, ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಕ್ಯಾಮೆರಾ ಹಿಡಿದ ಹಳೆಯ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನ ‘ವಕ್ತ್ ನೆ ಕಿಯಾ’ ಹಾಡನ್ನು ಹಾಕಿಸಿ ನೋಡಿ. ಖಾಲಿ ಸ್ಟುಡಿಯೋದ ಕತ್ತಲೆ ಕತ್ತಲೆಯಾಗಿಯೇ ಉಳಿದು, ಅದರ ನಡುವೆ ಇಳಿಯುವ ಬಿಸಿಲುಕೋಲು ಬಿಡಿಯಾಗಿ ಕಂಡರೆ ಆ ಯಂತ್ರವನ್ನು ಮನೆಗೆ ತನ್ನಿ. ಕತ್ತಲೆಯ ಜಾಗದಲ್ಲಿ ಬೂದುಬಣ್ಣ ಹರಡಿಕೊಂಡಿದ್ದರೆ, ದರ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ.

ಹೀಗೆ ಹೇಳುವುದಕ್ಕೆ ನನ್ನ ಕಸುಬೇ ಕಾರಣ. ಮೈಸೂರಿನ ಒಂದು ಚಿತ್ರಮಂದಿರದ ಕ್ಯಾಬಿನ್‌ನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತನಾದವನು ನಾನು. ಪ್ರೊಜೆಕ್ಟರಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸುತ್ತಿದ್ದ ಕಾಲದಲ್ಲಿ ಸೇರಿದೆ, ನಡುವೆ ಕ್ಸೆನಾನ್ ದೀಪ ಬಂತು, ಕೊನೆಗೆ ರೀಲಿನ ಡಬ್ಬಿಗಳು ಬರುವುದು ನಿಂತು ಹಾರ್ಡ್ ಡಿಸ್ಕ್ ಬರತೊಡಗಿದಾಗ ಹೊರಬಂದೆ. ಕಾರ್ಬನ್ ಉರಿಸುವಾಗ ಎರಡು ಕಡ್ಡಿಗಳ ನಡುವಿನ ಅಂತರವನ್ನು ಕಣ್ಣಿಟ್ಟು ಕಾಯಬೇಕಿತ್ತು. ಅಂತರ ತಪ್ಪಿದರೆ ಬೆಳಕು ನಡುಗುತ್ತಿತ್ತು, ಪರದೆಯ ಬಿಳುಪು ಕಂದುತ್ತಿತ್ತು. ಬಣ್ಣದ ಚಿತ್ರವಾದರೆ ಪ್ರೇಕ್ಷಕರು ಅದನ್ನು ಗಮನಿಸುತ್ತಲೇ ಇರಲಿಲ್ಲ. ಕಪ್ಪು ಬಿಳುಪಿನ ಚಿತ್ರದಲ್ಲಿ ಹಾಗೆ ಬಚ್ಚಿಡಲು ಆಗುವುದಿಲ್ಲ. ಅದರಲ್ಲಿಯೂ ಮೂರ್ತಿಯವರ ಚಿತ್ರವಾದರೆ ಆಪರೇಟರ್ ಒಂದು ಗಳಿಗೆಯೂ ಕಡ್ಡಿಯಿಂದ ಕಣ್ಣು ತೆಗೆಯುವಂತಿರಲಿಲ್ಲ.

ಅವರ ಹೆಸರನ್ನು ನನಗೆ ಮೊದಲು ತೋರಿಸಿದವರು ನಮ್ಮ ಕ್ಯಾಬಿನ್‌ನ ಹಿರಿಯ ಆಪರೇಟರ್. ಭಾನುವಾರ ಬೆಳಗಿನ ಆಟಕ್ಕೆ ಹಳೆಯ ಹಿಂದಿ ಚಿತ್ರಗಳನ್ನು ತರಿಸುತ್ತಿದ್ದ ಕಾಲ. ‘ಪ್ಯಾಸಾ’ ಬಂದಿತ್ತು. ಗೀರು ಬಿದ್ದು ಸವೆದಿದ್ದ ಪ್ರಿಂಟು. ಹೆಸರುಗಳು ಓಡುವಾಗ ಅವರು ನನ್ನ ಭುಜ ಹಿಡಿದು ಕಿಂಡಿಯ ಬಳಿಗೆ ಎಳೆದು, “ನೋಡಯ್ಯ, ಕ್ಯಾಮೆರಾ ವಿ.ಕೆ. ಮೂರ್ತಿ. ಇವರು ನಮ್ಮ ಮೈಸೂರಿನವರು” ಎಂದರು. ಅಂದಿನಿಂದ ಆ ಹೆಸರು ಬಂದಾಗಲೆಲ್ಲ ನಾನು ಕಿಂಡಿಯ ಹತ್ತಿರವೇ ನಿಲ್ಲುತ್ತಿದ್ದೆ.

ವೆಂಕಟರಾಮ ಪಂಡಿತ ಕೃಷ್ಣಮೂರ್ತಿ ಹುಟ್ಟಿದ್ದು 1923ರ ನವೆಂಬರ್ 26ರಂದು, ಮೈಸೂರಿನಲ್ಲಿ. ಹದಿಹರೆಯ ದಾಟುತ್ತಲೇ ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಕಂಡರು. ವಯೊಲಿನ್ ನುಡಿಸುತ್ತಿದ್ದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಆರಂಭವಾದಾಗ ಅದಕ್ಕೆ ಸೇರಿ, 1946ರಲ್ಲಿ ಮುಗಿಸಿದರು. ಚಲನಚಿತ್ರದ ಕ್ಯಾಮೆರಾ ವಿದ್ಯೆಯನ್ನು ಕಾಲೇಜಿನಲ್ಲಿ ಪಾಠ ಹೇಳಿಸಿಕೊಂಡು ಕಲಿಯಬಹುದು ಎಂಬುದೇ ಆಗ ದೇಶದಲ್ಲಿ ಹೊಸ ಸಂಗತಿ. ಇಂದಿಗೂ ನಮ್ಮ ನಾಡಿನ ಎಷ್ಟೋ ಛಾಯಾಗ್ರಾಹಕರು ‘ನಾನು ಎಸ್‌ಜೆಪಿಯವನು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಹೆಮ್ಮೆಯ ಬುಡದಲ್ಲಿ ಮೂರ್ತಿಯವರು ಇದ್ದಾರೆ.

ಮುಂಬೈಯಲ್ಲಿ ಅವರು ಕೆಳಗಿನಿಂದಲೇ ಹತ್ತಿ ಬಂದರು. 1951ರ ‘ಬಾಜಿ’ ಗುರುದತ್ ನಿರ್ದೇಶಿಸಿದ ಮೊದಲ ಚಿತ್ರ. ಅದರ ಛಾಯಾಗ್ರಾಹಕರು ವಿ. ರಾತ್ರಾ, ಮೂರ್ತಿಯವರು ಸಹಾಯಕರು. ಒಂದು ಹಾಡಿಗೆ ಕನ್ನಡಿಯಿಂದ ಶುರುವಾಗಿ ಕ್ಯಾಮೆರಾ ಸರಿಯುತ್ತಾ ಹೋಗುವ ಕಷ್ಟದ ಶಾಟ್ ಒಂದನ್ನು ಮೂರ್ತಿಯವರು ಸೂಚಿಸಿದರು, ತಾವೇ ತೆಗೆದೂ ತೋರಿಸಿದರು. ಮರುವರ್ಷದ ‘ಜಾಲ್’ ಚಿತ್ರಕ್ಕೆ ಗುರುದತ್ ಮೂರ್ತಿಯವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಬೆಂಗಳೂರಿನಲ್ಲಿ ಹುಟ್ಟಿದ ನಿರ್ದೇಶಕ, ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ. ಅಲ್ಲಿಂದ ‘ಬಾಜ್’, ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಎಂದು ಸಾಲು ಬೆಳೆಯಿತು. ಗುರುದತ್ ನಿರ್ಮಿಸಿ ರಾಜ್ ಖೋಸ್ಲಾ ನಿರ್ದೇಶಿಸಿದ ‘ಸಿಐಡಿ’ಯೂ, ಅಬ್ರಾರ್ ಅಲ್ವಿ ನಿರ್ದೇಶಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ ಕೂಡ ಮೂರ್ತಿಯವರ ಕೈಯಿಂದಲೇ ಬಂದವು.

2025ರಲ್ಲಿ ಗುರುದತ್ ಶತಮಾನೋತ್ಸವ ನಡೆದು, ಅವರ ಕೆಲವು ಚಿತ್ರಗಳನ್ನು ಶುದ್ಧಗೊಳಿಸಿ ಮತ್ತೆ ಚಿತ್ರಮಂದಿರಗಳಿಗೆ ತಂದಾಗ ನನಗೆ ಬಹಳ ಸಂತೋಷವಾಯಿತು. ಆಗಲೇ ಮನೆಯ ಒಳಕೋಣೆಯಲ್ಲಿ ಒಂದು ಪ್ರೊಜೆಕ್ಟರ್ ಇಟ್ಟು ಮೂರ್ತಿಯವರ ಕೆಲಸವನ್ನು ಸಾಲಾಗಿ ನೋಡಬೇಕೆಂಬ ಆಸೆ ಗಟ್ಟಿಯಾದದ್ದು. ಮಗಳು ದುಡ್ಡು ಕೊಡುತ್ತೇನೆಂದಳು. ಆಯ್ಕೆಯನ್ನು ನಾನೇ ಮಾಡುತ್ತೇನೆಂದೆ.

ಯಂತ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ದರದ ಯಂತ್ರಗಳ ಗುಣದೋಷ ಹೆಚ್ಚುಕಡಿಮೆ ಒಂದೇ ತೆರನಾಗಿದೆ. ನನ್ನ ಅನುಭವ ಯಾವ ಕಂಪನಿಯದನ್ನು ಕೊಳ್ಳುವವರಿಗೂ ಉಪಯೋಗಕ್ಕೆ ಬರಲಿ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ₹18,000ದ ಸಣ್ಣ ಎಲ್‌ಸಿಡಿ ಯಂತ್ರ. ಅಲ್ಲಿದ್ದ ಹುಡುಗ ಒಳ್ಳೆಯವನು. ಜಲಪಾತ, ಕಾರಿನ ಓಟ, ಗಿಳಿಗಳ ಹಾರಾಟ ಎಲ್ಲವನ್ನೂ ಉತ್ಸಾಹದಿಂದ ತೋರಿಸಿದ. ನಾನು ಕಪ್ಪು ಬಿಳುಪಿನ ಹಾಡು ಕೇಳಿದಾಗ, “ಸರ್, ಅದರಲ್ಲಿ ಯಂತ್ರದ ಗುಣ ಏನು ತಿಳಿಯುತ್ತದೆ? ಬಣ್ಣವೇ ಇಲ್ಲವಲ್ಲ” ಎಂದ. ಹಾಕು ಮಾರಾಯ ಎಂದೆ. ಹಾಡು ಶುರುವಾಯಿತು. ಕತ್ತಲೆಯಿರಬೇಕಾದ ಕಡೆಯೆಲ್ಲ ಮಬ್ಬು ಬೆಳಕು. ಬಿಸಿಲುಕೋಲು ಆ ಮಬ್ಬಿನಲ್ಲಿ ಕರಗಿಹೋಗಿತ್ತು. ಒಳಗಿನ ಎಲ್‌ಸಿಡಿ ಹಲಗೆಗೆ ಬೆಳಕನ್ನು ಪೂರ್ತಿ ತಡೆಯಲಾಗುವುದಿಲ್ಲ. ಸೋರಿದ ಬೆಳಕೆಲ್ಲ ಕಪ್ಪಿನ ಮೇಲೆ ಬಂದು ಕೂರುತ್ತದೆ. ಅದೇ ಹಾಡನ್ನು ಪಕ್ಕದ ₹62,000ದ ಡಿಎಲ್‌ಪಿ ಯಂತ್ರದಲ್ಲಿ, ಅಂದರೆ ಪುಟ್ಟ ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಯಂತ್ರದಲ್ಲಿ, ಹಾಕಿಸಿದೆ. ಹುಡುಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಇದನ್ನು ಯಾರು ತೆಗೆದದ್ದು ಸರ್?” ಎಂದು ಕೇಳಿದ. ಆ ಪ್ರಶ್ನೆ ಬಂದದ್ದಕ್ಕಾಗಿಯೇ ಆ ಯಂತ್ರವನ್ನು ಅಲ್ಲಿಯೇ ಕೊಂಡೆ. ದರದಲ್ಲಿ ಚೌಕಾಸಿ ಮಾಡಲಿಲ್ಲ.

ಆ ಬೆಳಕಿನ ಕಥೆಯನ್ನು ಅವನಿಗೂ ಹೇಳಿದೆ. ಸ್ಟುಡಿಯೋದ ದೊಡ್ಡ ದೀಪಗಳಿಂದ ಅಂಥ ಕೋಲು ಬರುವುದಿಲ್ಲ. ದೀಪದ ಬೆಳಕು ಮುಂದೆ ಹೋದಷ್ಟೂ ಹರಡುತ್ತದೆ. ಸೂರ್ಯ ಅಷ್ಟು ದೂರದಲ್ಲಿರುವುದರಿಂದ ಅವನ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ, ಅಂಚು ಚೂಪಾಗಿರುತ್ತದೆ. ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದು ಹೊರಗೆ ಬಿಸಿಲಿನಲ್ಲಿ ನಿಂತು ಸೂರ್ಯನನ್ನು ಒಳಕ್ಕೆ ತಿರುಗಿಸಿತು, ಇನ್ನೊಂದು ಒಳಗೆ ಮೇಲಿನ ಅಟ್ಟಣೆಯಿಂದ ಅದನ್ನು ನೆಲಕ್ಕೆ ಇಳಿಸಿತು. ಗಾಳಿಯಲ್ಲಿ ತುಸು ಹೊಗೆ. ಅಷ್ಟೇ ಸಾಮಗ್ರಿ. ಸೂರ್ಯ ಸರಿದಂತೆಲ್ಲ ಹೊರಗಿನ ಕನ್ನಡಿಯನ್ನೂ ತಿರುಗಿಸದೆ ಆಗದು. ನಮ್ಮ ಕಾರ್ಬನ್ ದೀಪದ ಹಿಂದೆಯೂ ಕನ್ನಡಿಯೊಂದಿತ್ತು, ಅದರ ಕೋನ ಕೂದಲೆಳೆಯಷ್ಟು ತಪ್ಪಿದರೂ ಪರದೆಯ ಒಂದು ಮೂಲೆ ಕತ್ತಲಾಗುತ್ತಿತ್ತು. ಹಾಗಾಗಿ ಕನ್ನಡಿಯಲ್ಲಿ ಸೂರ್ಯನನ್ನು ಹಿಡಿದು ನಟಿಯ ಮೇಲೆ ನಿಲ್ಲಿಸುವುದು ಎಂಥ ಕೆಲಸ ಎಂಬುದು ನನಗೆ ಚೆನ್ನಾಗಿ ತಿಳಿಯುತ್ತದೆ.

ಇನ್ನು ಯಂತ್ರವನ್ನು ಮನೆಯಲ್ಲಿ ಕೂರಿಸಿದ ವಿಚಾರ. ನನ್ನ ಪರದೆ 100 ಅಂಗುಲದ್ದು, ಅಂದರೆ ಅಗಲ 7 ಅಡಿಗೆ ಸ್ವಲ್ಪ ಹೆಚ್ಚು. ಈ ಯಂತ್ರಗಳ ಚೌಕಟ್ಟು ಈಗಿನ ಟಿವಿಯ ಅಳತೆಯದು. ‘ಪ್ಯಾಸಾ’ದಂಥ ಹಳೆಯ ಚಿತ್ರ ಹೆಚ್ಚುಕಡಿಮೆ ಚೌಕಾಕಾರದ್ದು, ಅದನ್ನು ಹಾಕಿದಾಗ ಎಡಬಲಗಳಲ್ಲಿ ಖಾಲಿ ಪಟ್ಟಿ ಉಳಿಯುತ್ತದೆ. ‘ಕಾಗಜ್ ಕೆ ಫೂಲ್’ ಸ್ಕೋಪ್ ಚಿತ್ರ, ಅಂದರೆ ತುಂಬ ಅಗಲದ್ದು. ಅದನ್ನು ಹಾಕಿದಾಗ ಮೇಲೂ ಕೆಳಗೂ ತಲಾ 6 ಅಂಗುಲದ ಪಟ್ಟಿ ಉಳಿಯುತ್ತದೆ. ಆ ಪಟ್ಟಿಗಳಲ್ಲಿ ಚಿತ್ರವೇ ಇಲ್ಲ, ಅಲ್ಲಿ ಏನಾದರೂ ಬೆಳಕು ಕಂಡರೆ ಅದು ಯಂತ್ರದ ಸೋರಿಕೆ. ಈ ಡಿಎಲ್‌ಪಿಯಲ್ಲಿಯೂ ಅಲ್ಲಿ ಪೂರ್ತಿ ಕಪ್ಪಿಲ್ಲ, ಕಡುಬೂದು ಇದೆ. ನಾನು ಕರಿಯ ಮಖಮಲ್ಲಿನ ಬಟ್ಟೆಯನ್ನು ಕತ್ತರಿಸಿ, ಸ್ಕೋಪ್‌ಗೆ ಒಂದು ಜೊತೆ, ಹಳೆಯ ಅಳತೆಗೆ ಒಂದು ಜೊತೆ ಮಾಡಿಸಿ ಪರದೆಯ ಅಂಚಿಗೆ ಸಿಕ್ಕಿಸಿದೆ. ಚಿತ್ರಮಂದಿರದಲ್ಲಿ ಪರದೆಯ ಪಕ್ಕದ ಬಟ್ಟೆಗಳನ್ನು ಸರಿಸುತ್ತಿದ್ದುದೂ ಇದಕ್ಕೇ. ಚಿತ್ರದ ಅಂಚಿಗೆ ನಿಜವಾದ ಕಪ್ಪು ತಾಗಿದ ಕೂಡಲೇ ಒಳಗಿನ ಕಪ್ಪೂ ಆಳವಾಗಿ ಕಾಣುತ್ತದೆ. ನೂರಾರು ರೂಪಾಯಿಯ ಬಟ್ಟೆ ಸಾವಿರಾರು ರೂಪಾಯಿಯ ಕೆಲಸ ಮಾಡಿತು.

ಗೋಡೆಗೆ ಬಿಳಿ ಸುಣ್ಣವಿದ್ದರೆ ಪರದೆಯ ಬೆಳಕು ಗೋಡೆಗೆ ಬಡಿದು ಮತ್ತೆ ಪರದೆಗೇ ಬರುತ್ತದೆ. ಪಕ್ಕದ ಗೋಡೆಗಳಿಗೆ ದಪ್ಪ ನೀಲಿ ಬಟ್ಟೆ ಇಳಿಬಿಟ್ಟೆವು. ಯಂತ್ರವನ್ನು ಓರೆಯಾಗಿಟ್ಟು ಚಿತ್ರವನ್ನು ‘ಕೀಸ್ಟೋನ್’ ಗುಂಡಿಯಿಂದ ನೇರ ಮಾಡುವ ಅಭ್ಯಾಸ ಬೇಡ, ಅದು ಚಿತ್ರದ ನುಣುಪನ್ನು ತಿನ್ನುತ್ತದೆ. ಮೇಜನ್ನೇ ಸರಿಸಿ ನೇರ ಮಾಡಿ.

ಸ್ಕೋಪ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ 1953ರಲ್ಲಿ ಜಗತ್ತಿಗೆ ತೋರಿಸಿದ ಪದ್ಧತಿ ಅದು. ಕ್ಯಾಮೆರಾದ ವಿಶೇಷ ಲೆನ್ಸ್ ಅಗಲವಾದ ನೋಟವನ್ನು ಅರ್ಧಕ್ಕೆ ಒತ್ತಿ 35 ಎಂಎಂ ಫಿಲ್ಮಿನಲ್ಲಿ ಕೂರಿಸುತ್ತದೆ. ರೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಎಲ್ಲರೂ ಸಪೂರವಾಗಿ, ಉದ್ದುದ್ದ ಕಾಣುತ್ತಾರೆ. ಪ್ರೊಜೆಕ್ಟರ್‌ಗೆ ಸ್ಕೋಪ್ ಲೆನ್ಸ್ ಹಾಕಿ, ಗೇಟಿನ ಪ್ಲೇಟು ಬದಲಿಸಿ ಬಿಟ್ಟಾಗ ಮತ್ತೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಆ ಲೆನ್ಸ್ ಹಿಡಿದ ಹೊರನಾಡಿನ ಛಾಯಾಗ್ರಾಹಕರೂ ಅಷ್ಟು ಅಗಲವನ್ನು ಏನು ಮಾಡುವುದೆಂದು ತಿಳಿಯದೆ ಸೈನ್ಯ, ರಥ, ಅರಮನೆಗಳಿಂದ ತುಂಬಿಸಿದರು. ಮೂರ್ತಿಯವರು ಅದನ್ನು ಖಾಲಿ ಬಿಟ್ಟರು. ಆ ಹಾಡಿನಲ್ಲಿ ಗುರುದತ್ ಒಂದು ಕಡೆ, ವಹೀದಾ ರೆಹಮಾನ್ ಒಂದು ಕಡೆ. ನಡುವೆ ಸ್ಟುಡಿಯೋದ ಬರಿಯ ನೆಲ, ಹೊಗೆ, ಬೆಳಕು. ಇಬ್ಬರೂ ನಿಂತಲ್ಲಿಯೇ ನಿಂತಿರುವಾಗ ಅವರ ಛಾಯೆಗಳು ಮೈಯಿಂದ ಬಿಡಿಸಿಕೊಂಡು ನಡೆದು ಬೆಳಕಿನಲ್ಲಿ ಕೂಡುತ್ತವೆ. ಗೀತಾ ದತ್ ಹಾಡುತ್ತಾರೆ, ಕೈಫಿ ಆಜ್ಮಿಯವರ ಸಾಲುಗಳು, ಎಸ್.ಡಿ. ಬರ್ಮನ್ ಸಂಗೀತ. ತುಟಿ ಅಲ್ಲಾಡಿಸುವವರು ಪರದೆಯ ಮೇಲೆ ಯಾರೂ ಇಲ್ಲ. ಆ ಇಬ್ಬರ ನಡುವಿನ ದೂರವನ್ನು ಮೂರ್ತಿಯವರು ಅಡಿಗಳಲ್ಲಿ ಅಳೆದು ಕಣ್ಣ ಮುಂದೆ ಇಟ್ಟಿದ್ದಾರೆ.

ಆದ್ದರಿಂದ ಚಿತ್ರವನ್ನು ಮೊಬೈಲಿನಲ್ಲಿಯೋ ಟಿವಿಯಲ್ಲಿಯೋ ‘ಪರದೆ ತುಂಬ’ ಮಾಡಿಕೊಂಡು ನೋಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾಗೆ ಹಿಗ್ಗಿಸಿದರೆ ಎಡಬಲಗಳು ಕತ್ತರಿಸಿಹೋಗುತ್ತವೆ. ದೂರ ದೂರ ನಿಂತವರು ಚೌಕಟ್ಟಿನ ಅಂಚಿಗೆ ಒತ್ತಿಕೊಳ್ಳುತ್ತಾರೆ, ಒಮ್ಮೊಮ್ಮೆ ಕಾಣೆಯೇ ಆಗುತ್ತಾರೆ. ಅಂತರ್ಜಾಲದಲ್ಲಿ ಹೀಗೆ ಕತ್ತರಿಸಿದ ಪ್ರತಿಗಳೂ ಸಿಗುತ್ತವೆ. ಮೇಲೆ ಕೆಳಗೆ ಪಟ್ಟಿ ಇರುವ ಪ್ರತಿಯನ್ನೇ ಹುಡುಕಿ ಹಾಕಿಕೊಳ್ಳಿ.

ಯಂತ್ರದ ದೊಡ್ಡ ದೋಷ ಇದೇ ಹಾಡಿನಲ್ಲಿ ಹೊರಬಿತ್ತು. ತಯಾರಕರು ‘ಡೈನಾಮಿಕ್’ ಎಂಬ ವ್ಯವಸ್ಥೆಯನ್ನು ಮೊದಲೇ ಚಾಲೂ ಮಾಡಿ ಕಳಿಸಿರುತ್ತಾರೆ. ಚಿತ್ರದಲ್ಲಿ ಬಿಳುಪು ಹೆಚ್ಚಾದರೆ ಯಂತ್ರ ದೀಪವನ್ನು ಏರಿಸುತ್ತದೆ, ಕಪ್ಪು ಹೆಚ್ಚಾದರೆ ಇಳಿಸುತ್ತದೆ. ವಹೀದಾ ಕತ್ತಲೆಯಿಂದ ಬೆಳಕಿಗೆ ಬಂದಾಗ ಯಂತ್ರ ದೀಪವನ್ನು ಏರಿಸಿತು. ಹಿಂದಿನ ಕತ್ತಲೆಯೆಲ್ಲ ಒಮ್ಮೆಲೇ ತಿಳಿಯಾಯಿತು. ಹಿಂದೆ ಸರಿದಾಗ ಮತ್ತೆ ಇಳಿಸಿತು. ಛಾಯಾಗ್ರಾಹಕ ಕನ್ನಡಿ ಹಿಡಿದು ನಿಗದಿ ಮಾಡಿದ ಬೆಳಕನ್ನು ಯಂತ್ರ ತಾನೇ ತಿದ್ದಲು ಹೊರಡುವುದನ್ನು ನಾನು ಸಹಿಸುವುದಿಲ್ಲ. ಮೆನುವಿನಲ್ಲಿ ಹುಡುಕಿ ಅದನ್ನು ಬಂದ್ ಮಾಡಿದೆ. ‘ಶಾರ್ಪ್‌ನೆಸ್’ ಅನ್ನು ಕೆಳಮಟ್ಟಕ್ಕೆ ತಂದೆ. ‘ನಾಯ್ಸ್ ರಿಡಕ್ಷನ್’ ಎಂಬುದನ್ನೂ ಬಂದ್ ಮಾಡಿದೆ. ಅದು ಫಿಲ್ಮಿನ ಕಣಗಳನ್ನು ಕೊಳೆಯೆಂದು ತಿಳಿದು ಒರೆಸುತ್ತದೆ, ಮುಖಗಳು ಮೇಣದ ಬೊಂಬೆಗಳಾಗುತ್ತವೆ. ಬಣ್ಣದ ಉಷ್ಣತೆಯನ್ನು ‘ವಾರ್ಮ್’ಗೆ ಇಟ್ಟರೆ ಬಿಳುಪು ಬಿಳುಪಾಗಿ ಕಾಣುತ್ತದೆ, ಅಂಗಡಿಯಿಂದ ಬಂದ ಹಾಗೆಯೇ ಬಿಟ್ಟರೆ ನೀಲಿ ಹೊಡೆಯುತ್ತದೆ.

ಉಳಿದ ಎರಡು ಹೊಂದಿಕೆಗೆ ಮೂರ್ತಿಯವರ ಚಿತ್ರಗಳಲ್ಲಿಯೇ ಅಳತೆಗೋಲು ಸಿಗುತ್ತದೆ. ಬಿಳುಪಿನ ಮಿತಿಗೆ ‘ಪ್ಯಾಸಾ’ದ ಸಭಾಂಗಣದ ದೃಶ್ಯ. ಸತ್ತನೆಂದು ಜಗತ್ತು ನಂಬಿ ಸಭೆ ಸೇರಿರುವ ಕವಿ ವಿಜಯ್ ತಾನೇ ಬಂದು ಬಾಗಿಲಲ್ಲಿ ಎರಡೂ ಕೈ ಚಾಚಿ ನಿಲ್ಲುತ್ತಾನೆ. ಬೆಳಕು ಅವನ ಬೆನ್ನ ಹಿಂದಿದೆ. ಮುಖ ಕತ್ತಲಲ್ಲಿದೆ. ‘ಕಾಂಟ್ರಾಸ್ಟ್’ ಹೆಚ್ಚಾದರೆ ಹಿಂದಿನ ಬೆಳಕು ಉಕ್ಕಿ ಅವನ ತೋಳಿನ ಅಂಚನ್ನು ನುಂಗುತ್ತದೆ. ಭುಜ, ತೋಳು, ಬೆರಳಿನ ಗೆರೆ ಸ್ಪಷ್ಟವಾಗುವವರೆಗೆ ಇಳಿಸುತ್ತಾ ಬನ್ನಿ.

ಕಪ್ಪಿನ ಮಿತಿಗೆ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರದ ‘ಸಾಕಿಯಾ ಆಜ್ ಮುಝೆ ನೀಂದ್’ ಹಾಡು. ಮುಖ್ಯ ನರ್ತಕಿ ಮೀನೂ ಮುಮ್ತಾಜ್ ಮೇಲೆ ಮಾತ್ರ ಬೆಳಕು. ಜೊತೆಗೆ ಕುಣಿಯುವವರೆಲ್ಲ ನೆರಳಿನಲ್ಲಿಯೇ ಇದ್ದಾರೆ, ಹಾಡು ಮುಗಿಯುವವರೆಗೂ ನೆರಳಿನಲ್ಲಿಯೇ ಇರುತ್ತಾರೆ. ಅವಳು ಅವರ ಪಕ್ಕದಲ್ಲಿಯೇ ಓಡಾಡುತ್ತಾಳೆ. ಆದರೂ ಅವಳ ಬೆಳಕು ಅವರ ಮುಖಕ್ಕೆ ತಾಗುವುದಿಲ್ಲ. ದೀಪ ಇಡುವ ಕೆಲಸ ಗೊತ್ತಿರುವವರು ಈ ಹಾಡನ್ನು ನೋಡಿ ತಲೆದೂಗುತ್ತಾರೆ, ಏಕೆಂದರೆ ಸದಾ ಚಲಿಸುವವರ ನಡುವೆ ಬೆಳಕನ್ನು ಹೀಗೆ ಬೇಲಿ ಹಾಕಿ ನಿಲ್ಲಿಸುವುದು ಸುಲಭದ ಮಾತಲ್ಲ. ಪರೀಕ್ಷೆ ಹೀಗೆ: ಜೊತೆಯ ನರ್ತಕಿಯರ ಮುಖಗಳು ಕಂಡರೆ ನಿಮ್ಮ ‘ಬ್ರೈಟ್‌ನೆಸ್’ ಹೆಚ್ಚಾಗಿದೆ. ಅವರು ಇರುವುದೇ ತಿಳಿಯದಿದ್ದರೆ ಕಡಿಮೆಯಾಗಿದೆ. ಆಕಾರ ಕಾಣಬೇಕು, ಕೈಯ ಬಳುಕು ಕಾಣಬೇಕು, ಮುಖ ಕಾಣಬಾರದು. ಈ ಯಂತ್ರ ಆ ಪರೀಕ್ಷೆಯಲ್ಲಿ ಗೆದ್ದಿತು. ಸಣ್ಣ ಯಂತ್ರದಲ್ಲಿ ಅದು ಎಂದಿಗೂ ಆಗುವುದಿಲ್ಲ.

ಅದೇ ಚಿತ್ರದಲ್ಲಿ ಜಮೀನ್ದಾರರ ಮನೆಯ ಕಿರಿಯ ಸೊಸೆ ಛೋಟಿ ಬಹುವನ್ನು ಮೊದಲು ತೋರಿಸುವ ರೀತಿಯನ್ನು ನಮ್ಮ ಮನೆಯವರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಕಥಾನಾಯಕ ಭೂತನಾಥ್ ಅಂಜಿಕೆಯಿಂದ ತಲೆ ತಗ್ಗಿಸಿ ಕೋಣೆಗೆ ಬಂದಿದ್ದಾನೆ. ಅವನಿಗೆ ಕಾಣುವುದು ನೆಲ, ಆಮೇಲೆ ಅವಳ ಪಾದ. ತಲೆ ಎತ್ತಿದಾಗಲೇ ಮೀನಾ ಕುಮಾರಿಯ ಮುಖ ನಮಗೂ ದೊರೆಯುತ್ತದೆ. “ಎಷ್ಟು ಬೆಳಗಿದ್ದಾರೆ ನೋಡಿ, ಆದರೂ ಆ ಕಣ್ಣಲ್ಲಿ ಸುಖವಿಲ್ಲ” ಎಂದರು ನಮ್ಮವರು. ಗುರುದತ್ ಚಿತ್ರಗಳ ಹತ್ತಿರದ ನೋಟಗಳಿಗೆ ಮೂರ್ತಿಯವರು ಉದ್ದ ಲೆನ್ಸ್ ಬಳಸುತ್ತಿದ್ದರು. ಹಿನ್ನೆಲೆ ಮಸುಕಾಗಿ ಕಣ್ಣುಗಳು ಮುಂದೆ ಬರುತ್ತವೆ. ‘ಕಾಗಜ್ ಕೆ ಫೂಲ್’ ಮತ್ತು ಈ ಚಿತ್ರ ಎರಡಕ್ಕೂ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮೊದಲನೆಯದು ಗಲ್ಲಾಪೆಟ್ಟಿಗೆಯಲ್ಲಿ ಸೋತು, ಆ ಬಳಿಕ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು 39. ಮೂರ್ತಿಯವರು ಗೆಳೆಯನಿಲ್ಲದೆ ಇನ್ನೂ ಐವತ್ತು ವರ್ಷ ಬದುಕಿದರು.

ಈ ಐವತ್ತು ವರ್ಷಗಳನ್ನು ಜನ ಬೇಗ ಮರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪ್ರಮೋದ್ ಚಕ್ರವರ್ತಿಯವರ ‘ಲವ್ ಇನ್ ಟೋಕಿಯೋ’, ‘ನಯಾ ಜಮಾನಾ’, ‘ಜುಗ್ನು’ ಇವೆಲ್ಲ ಮೂರ್ತಿಯವರ ಕ್ಯಾಮೆರಾ. ಬಣ್ಣದ ಚಿತ್ರ, ಹೊರಾಂಗಣ, ಜನಪ್ರಿಯ ಹಾಡುಗಳು. ಇವನ್ನು ನಾನು ಅದೇ ಪರದೆಯಲ್ಲಿ ಹಾಕಿ ನೋಡಿದೆ. ಕಪ್ಪು ಬಿಳುಪಿನಷ್ಟು ಇವು ನನ್ನನ್ನು ಹಿಡಿದು ನಿಲ್ಲಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಬಣ್ಣದ ವಿಷಯದಲ್ಲಿ ಯಂತ್ರವೂ ಸಾಧಾರಣ; ಕೆಂಪು ಕೊಂಚ ಕಿತ್ತಳೆಗೆ ವಾಲುತ್ತದೆ. ಆದರೆ ದೊಡ್ಡ ಚಿತ್ರಮಂದಿರ ತುಂಬಿಸುವ ಚಿತ್ರಕ್ಕೆ ಬೇಕಾದುದನ್ನು ಅವರು ಹಿಂಜರಿಕೆಯಿಲ್ಲದೆ ಕೊಟ್ಟರು. ಕಸುಬಿನವರು ಹಾಗೆಯೇ ಇರಬೇಕು.

ಆಮೇಲೆ 1988. ಅವರ ಬಳಿ ಸಹಾಯಕರಾಗಿ ಪಳಗಿದ ಗೋವಿಂದ ನಿಹಲಾನಿ ದೂರದರ್ಶನಕ್ಕೆ ‘ತಮಸ್’ ಮಾಡಿದಾಗ ಕ್ಯಾಮೆರಾಕ್ಕೆ ತಮ್ಮ ಗುರುವನ್ನೇ ಕರೆದರು. ಅದೇ ವರ್ಷ ಶ್ಯಾಮ್ ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’ ಸರಣಿಗೂ ಮೂರ್ತಿಯವರು ದುಡಿದರು. ಅರವತ್ತು ದಾಟಿದ ಮನುಷ್ಯ ಸ್ಟುಡಿಯೋದ ವೈಭವವನ್ನೆಲ್ಲ ಬದಿಗಿಟ್ಟು ಟಿವಿಯ ಸಣ್ಣ ಚೌಕಟ್ಟಿಗೆ, ಬಿಗಿ ಖರ್ಚಿಗೆ ಹೊಂದಿಕೊಂಡರು. ‘ತಮಸ್’ ಬರುವಾಗ ನಮ್ಮ ಬೀದಿಯಲ್ಲಿ ಟಿವಿ ಇದ್ದವರ ಮನೆಗಳು ತುಂಬಿರುತ್ತಿದ್ದವು. ಇದನ್ನು ಮಾತ್ರ ಪ್ರೊಜೆಕ್ಟರಿನಲ್ಲಿ ನೋಡಬೇಡಿ. ಸಿಗುವ ಪ್ರತಿಗಳು 100 ಅಂಗುಲಕ್ಕೆ ಹಿಗ್ಗಿದಾಗ ಒಡೆದುಹೋಗುತ್ತವೆ. ಟಿವಿಯೇ ಅದರ ಜಾಗ.

ಈ ಯಂತ್ರದ ಉಳಿದ ವಿಚಾರ ಬೇಗ ಮುಗಿಸುತ್ತೇನೆ. ಡಿಎಲ್‌ಪಿಯ ಒಳಗೆ ಬಣ್ಣದ ಚಕ್ರವೊಂದು ತಿರುಗುತ್ತಿರುತ್ತದೆ. ಕಪ್ಪಿನ ನಡುವೆ ಬಿಳಿಯ ಅಂಚಿದ್ದು ಕಣ್ಣು ಆಚೀಚೆ ಹೊರಳಿದರೆ ಕೆಲವರಿಗೆ ಕೆಂಪು, ಹಸಿರು, ನೀಲಿ ಗೀರುಗಳು ಮಿಂಚಿದಂತೆ ಕಾಣುತ್ತದೆ. ನನಗೆ ಕಾಣುವುದಿಲ್ಲ, ನಮ್ಮ ಮನೆಯವರಿಗೆ ಆಗಾಗ ಕಾಣುತ್ತದೆ. ಕಪ್ಪು ಬಿಳುಪಿನ ಚಿತ್ರದಲ್ಲಿಯೇ ಇದು ಹೆಚ್ಚು. ಆದ್ದರಿಂದ ಮನೆಯಲ್ಲಿ ನೋಡುವವರನ್ನೆಲ್ಲ ಅಂಗಡಿಗೆ ಕರೆದುಕೊಂಡು ಹೋಗಿ ತೋರಿಸಿ. ಒಳಗಿನ ಸ್ಪೀಕರ್ ಕೆಲಸಕ್ಕೆ ಬಾರದು. ಗೀತಾ ದತ್ ದನಿ ಡಬ್ಬಿಯೊಳಗಿನಿಂದ ಬಂದಂತಾಗುತ್ತದೆ. ನಾನು ಹಳೆಯ ಸ್ಪೀಕರ್ ಜೊತೆಗೆ ಜೋಡಿಸಿದ್ದೇನೆ. ಫ್ಯಾನಿನ ಸದ್ದು ಇದೆ, ಆದರೆ ಪ್ರೊಜೆಕ್ಟರಿನ ಪಕ್ಕದಲ್ಲಿಯೇ ಬದುಕಿದವನಿಗೆ ಅದು ತೊಂದರೆಯೆನಿಸುವುದಿಲ್ಲ. ಮಲಗುವ ಕೋಣೆಯಲ್ಲಿ ಇಡುವವರು ಯೋಚಿಸಿ. ದೀಪವನ್ನು ‘ಎಕೋ’ದಲ್ಲಿ ಇಟ್ಟರೆ ಸದ್ದೂ ಇಳಿಯುತ್ತದೆ, ಕಪ್ಪೂ ಆಳವಾಗುತ್ತದೆ, ಕತ್ತಲು ಕೋಣೆಗೆ ಅಷ್ಟು ಬೆಳಕು ಸಾಕು. ಹಗಲಲ್ಲಿ ಕಿಟಕಿ ತೆರೆದು ಕ್ರಿಕೆಟ್ ನೋಡುವ ಯೋಚನೆಯಿದ್ದರೆ ಇದನ್ನು ಕೊಳ್ಳಬೇಡಿ, ಅದೇ ದುಡ್ಡಿಗೆ ದೊಡ್ಡ ಟಿವಿ ಬರುತ್ತದೆ. ಹಳೆಯ ಕಪ್ಪು ಬಿಳುಪಿನ ಚಿತ್ರಗಳನ್ನು ಮನಸಿಟ್ಟು ನೋಡುವವರಾದರೆ ಧೈರ್ಯವಾಗಿ ಕೊಳ್ಳಿ.

2010ರಲ್ಲಿ ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪ್ರದಾನ ಮಾಡಿದರು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು. ಅಲ್ಲಿಯವರೆಗೆ ನಟರು, ನಿರ್ದೇಶಕರು, ಗಾಯಕರು, ನಿರ್ಮಾಪಕರು ಪಡೆದಿದ್ದರು. ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ನಮ್ಮ ಕ್ಯಾಬಿನ್‌ನ ಹುಡುಗರಿಗೆಲ್ಲ ನಾನು ಸಿಹಿ ಹಂಚಿದೆ. ತೆರೆಯ ಹಿಂದೆ ದುಡಿಯುವವರ ಸಾಲಿನಲ್ಲಿ ಕೊನೆಯಲ್ಲಿರುವವರು ನಾವು, ಆಪರೇಟರ್‌ಗಳು. ಅವರಿಗೆ ಬಂದ ಗೌರವದ ಒಂದು ಎಳೆ ನಮಗೂ ಸೇರಿತು ಎಂದೇ ಅಂದುಕೊಂಡೆ, ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ. ಮುಂಬೈಯಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದ ಅವರು 2014ರ ಏಪ್ರಿಲ್ 7ರಂದು ಅಲ್ಲಿಯೇ ತೀರಿಕೊಂಡರು. ತೊಂಬತ್ತು ವರ್ಷದ ಬಾಳು.

ಕನ್ನಡದಲ್ಲಿ ಅವರು ತೆಗೆದದ್ದು ಒಂದೇ ಚಿತ್ರ. ತ್ರಿವೇಣಿಯವರ ಕಾದಂಬರಿ ಆಧರಿಸಿ ಎಸ್.ವಿ. ರಾಜೇಂದ್ರಸಿಂಗ್ ಬಾಬು 1993ರಲ್ಲಿ ನಿರ್ದೇಶಿಸಿದ ‘ಹೂವು ಹಣ್ಣು’. ಮೈಸೂರಿನ ಲೇಖಕಿಯ ಕಥೆ, ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ, ಮುಖ್ಯ ಪಾತ್ರದಲ್ಲಿ ಲಕ್ಷ್ಮಿ. ಪರದೆ, ಮಖಮಲ್ಲು, ಹೊಂದಿಕೆ ಎಲ್ಲ ಸರಿಯಾದ ಮೇಲೆ ನೆರೆಮನೆಯವರನ್ನೂ ಕರೆದು ಇದನ್ನು ಹಾಕಿದೆ. ಹೆಂಗಸರು ಕಣ್ಣೀರು ಒರೆಸಿಕೊಂಡರು, ಕಥೆ ಅಂಥದ್ದು. ನನಗೆ ಬೇರೆಯದೇ ನೋವು. ನನ್ನ ಕೈಗೆ ಸಿಕ್ಕ ಪ್ರತಿಯಲ್ಲಿ ನೆರಳಿನ ಭಾಗಗಳೆಲ್ಲ ಒಂದೇ ಮುದ್ದೆಯಾಗಿದ್ದವು, ಮುಖಗಳ ಬಣ್ಣ ಮಾಸಿತ್ತು. ಅಷ್ಟು ಖರ್ಚು ಮಾಡಿ ಕತ್ತಲೆಯನ್ನು ಕಾಪಾಡುವ ಯಂತ್ರ ತಂದೆ, ಅದಕ್ಕೆ ಕೊಡಲು ಮೂರ್ತಿಯವರ ಏಕೈಕ ಕನ್ನಡ ಚಿತ್ರದ ಒಳ್ಳೆಯ ಪ್ರತಿ ನನ್ನ ಬಳಿ ಇಲ್ಲ. ಈ ಚಿತ್ರದ ನೆಗೆಟಿವ್ ಅಥವಾ ಸವೆಯದ ಪ್ರಿಂಟು ಯಾರ ಬಳಿಯಾದರೂ ಇದ್ದರೆ, ಡಬ್ಬಿ ತುಕ್ಕು ಹಿಡಿಯುವ ಮೊದಲು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಲುಪಿಸಿ. ರೀಲು ಬಿಚ್ಚಿ ಒರೆಸುವುದಕ್ಕೆ, ಹರಿದ ಕಡೆ ಜೋಡಿಸುವುದಕ್ಕೆ ತಿಳಿದವರು ಬೇಕಿದ್ದರೆ ನಾನು ಬರುತ್ತೇನೆ, ಕೂಲಿ ಬೇಡ.